ಗುಂಡಿ ಹಚ್ಚುವವಳ ಓಟು

ಡಿಸೆಂಬರಿನ ಕೊನೆಯ ಶನಿವಾರ. ಕೌಲ್ ಬಜಾರಿನ ನಮ್ಮ ಶೆಡ್ಡಿನಲ್ಲಿ
ನೂರಾ ಎಂಬತ್ತು ಪ್ಯಾಂಟು ಇನ್ನೂ ಬಾಕಿ.
ಆದರೂ ಮಷೀನು ನಿಲ್ಲಿಸಿ ಎದ್ದ ಗಾದಿಲಿಂಗ,
ಕಟಿಂಗ್ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದ.
"ಈ ವರ್ಷದ ಹಾಡು ಯಾವುದು, ಇವತ್ತು ಆಗೇ ಹೋಗ್ಲಿ.
ಓಟಿಗೊಂದು ಗೆರೆ. ಕಳ್ಳ ಓಟು ಹಾಕಿದೋರಿಗೆ
ಸಂಜೆ ಮಿರ್ಚಿ ಇಲ್ಲ."

ಅವನದು ಗೊತ್ತೇ ಇದೆ: ತೆಲುಗಿನ ಕುಣಿತದ ಹಾಡು,
ತಗಡಿನ ಮೇಲೆ ಜಲ್ಲಿ ಸುರಿದಂತೆ ಶುರುವಾಗಿ
ಜಲ್ಲಿ ಸುರಿದಂತೆಯೇ ಮುಗಿಯುವುದು.
"ಅದರಾಗೆ ಮಾತೇ ಇಲ್ಲಲ್ಲೋ," ಅಂದಳು ಖಾಜಾಬನ್ನಿ.
"ಜಿಪ್ಪು ಕೂರಿಸೋವಾಗ ಮಾತು ಯಾರಿಗೆ ಬೇಕಕ್ಕ?
ನನ್ನ ಕಾಲನ್ನ ಕೇಳು. ಪೆಡಲನ್ನ ಕೇಳು."

ಖಾಜಾಬನ್ನಿಗೆ ಒಂದು ಕವ್ವಾಲಿ, ಹನ್ನೊಂದು ನಿಮಿಷದ್ದು.
ಆರನೇ ನಿಮಿಷಕ್ಕೆ ಹಾಡುವವನ ಗಂಟಲು ಒಡೆಯುತ್ತದೆ.
ಆ ಒಡಕಿಗಾಗಿ ಐದು ನಿಮಿಷ ಸುಮ್ಮನೆ ಕೂರುತ್ತಾಳೆ.
"ಹಾಲು ಕಾಯೋಕಿಟ್ಟಂಗೆ. ಮುಖ ತಿರುವಿದರೆ ಹೋಯ್ತು."

ಇಸ್ತ್ರಿಯ ಹೊನ್ನೂರಪ್ಪ ತಲೆಯೆತ್ತಲಿಲ್ಲ:
"ಈ ವರ್ಷ ಹಾಡೇ ಬಂದಿಲ್ಲ. ಹೋದ ವರ್ಷವೂ ಬಂದಿರಲಿಲ್ಲ."
ಕೆದಕಿ ಕೇಳಿದರೆ, ಅವನಿಗೆ ಮೀಸೆ ಬಂದ ವರ್ಷವೇ
ಹಾಡು ಬರುವುದು ನಿಂತುಹೋಗಿದೆ.
"ಹಾಡು ನಿಂತಿಲ್ಲ ಮಾವ," ಸುಂಕಮ್ಮ ನಕ್ಕಳು,
"ನಿನ್ನ ಕಿವಿ ಅಲ್ಲೇ ಕುಂತುಬಿಟ್ಟೈತೆ."

ವಾಷಿಂಗಿನ ತಾಯಪ್ಪ, ಉಗುರೆಲ್ಲ ನೀಲಿ,
ಸಿರುಗುಪ್ಪದ ಯಾವನೋ ಗೋಡೌನಿನಲ್ಲಿ ಕೂತು ಹಾಡಿದ್ದನ್ನು
ನಾನ್ನೂರು ಮಂದಿ ಮಾತ್ರ ಕೇಳಿದ್ದಾರೆಂದು ಎದೆಯುಬ್ಬಿಸಿದ.
"ನಾಳೆ ನಾಲ್ಕು ಲಕ್ಷ ಆದರೆ?"
"ಬಿಟ್ಟುಬಿಡ್ತೀನಿ."

ಆಮೇಲೆ ದನಿ ಏರಿತು. ಪೆಡಲಿನ ರುಚಿ ಅಂದಳು ಇವಳು,
ಗೋರಿ ಮುಂದಿನ ರುಚಿ ಅಂದ ಅವನು.
ಒಬ್ಬರ ಹಾಡನ್ನು ಬೈದರೆ ಅವರ ಮನೆಯ ಸಾರನ್ನು ಬೈದ ಹಾಗೆ.
ಕತ್ತರಿಯೂ ಸ್ವಲ್ಪ ಹೊತ್ತು ಸದ್ದು ಮಾಡಲಿಲ್ಲ.

"ನಿಂದು ಹೇಳೇ," ಅಂದರು ನನ್ನ ಕಡೆ ತಿರುಗಿ.

ನಾನು ಗುಂಡಿ ಹಚ್ಚುವವಳು. ಹಿಂದಿನ ಗೋಡೆಗೆ ಬೆನ್ನು.
ಗೋಡೆಯಾಚೆ ಎಂಬ್ರಾಯ್ಡರಿಯವರ ಶೆಡ್ಡು,
ದಿನಾ ನಾಲ್ಕು ದಾಟಿದ ಮೇಲೆ ಅಲ್ಲೊಂದು ಹಾಡು.
ನಮ್ಮ ಗದ್ದಲ, ನಡುವೆ ಇಟ್ಟಿಗೆ.
ನನಗೆ ದಕ್ಕಿದ್ದು ನಾಲ್ಕು ಅಕ್ಷರ,
ಮೆಟ್ಟಿಲಿಳಿದಂತೆ ಇಳಿಯುವ ಒಂದು ದನಿ.
ಉಳಿದದ್ದನ್ನು ನಾನೇ ತುಂಬಿದೆ:
ಎಂಟು ದಿನಕ್ಕೊಮ್ಮೆ ನಲ್ಲಿಗೆ ನೀರು ಬರುವ ಓಣಿ,
ನಸುಕಿನಲ್ಲಿ ಸಾಲಾಗಿ ಕೂತ ಕೊಡಗಳು,
ತನ್ನ ಸರದಿ ಬಂದ ಹೊತ್ತಿಗೇ
ಯಾರೋ ಹೆಸರು ಹಿಡಿದು ಕರೆದು
ಎದ್ದು ಹೋದವಳು.

ಆಗಸ್ಟಿನಲ್ಲಿ ಆಚೆಯ ಹುಡುಗಿ ದಾರ ಕೇಳಿ ಬಂದಾಗ
ತಡೆಯಲಾರದೆ ಕೇಳಿಬಿಟ್ಟೆ. ಫೋನು ತೆಗೆದು ಹಚ್ಚಿದಳು.
ಹುಡುಗನೊಬ್ಬನ ಬೈಕು. ಬೈಕಿನ ಬಣ್ಣ.
ಇಳಿಯುತ್ತದೆ ಅಂದುಕೊಂಡಿದ್ದ ಕಡೆ
ಅದು ಏರುತ್ತಿತ್ತು.
ಚೆಂದ ಐತೆ, ಅಂದೆ. ದಾರ ಕೊಟ್ಟೆ.

"ಗೋಡೆ ಹಿಂದಿಂದು," ಅಂದೆ ಈಗ.
"ಓ, ಬೈಕಿಂದಾ?" ಗಾದಿಲಿಂಗ ಸುಣ್ಣ ಎತ್ತಿದ.
"ಅಲ್ಲ. ಗೋಡೆ ಈಚೆಗೆ ಕೇಳಿಸಿದ್ದು."
ಅವನ ಕೈ ಅಲ್ಲೇ ನಿಂತಿತು. "ಅದಕ್ಕೆ ಹೆಸರೇನು ಬರೀಲಿ?"
ನನಗೂ ತಿಳಿಯಲಿಲ್ಲ. ಯಾವ ಮನೆಗೂ ಸೇರಿಸದೆ
ಮೇಜಿನ ಅಂಚಿಗೆ ಒಂದು ಗೆರೆ ಎಳೆದ.

ತೆಲುಗಿನದೇ ಗೆದ್ದಿತು, ಎರಡು ಓಟಿನಿಂದ.
ಸೋತವರೂ ಮಿರ್ಚಿ ತಿಂದರು.

ಸೋಮವಾರ ಆ ಮೇಜಿನ ಮೇಲೆ ಪ್ಯಾಂಟು ಸುರಿದಾಗ
ಮನೆಗಳೆಲ್ಲ ಅಳಿಸಿ ಹೋದವು. ಅಂಚಿನ ಗೆರೆ ಮಾತ್ರ
ಮೂವತ್ತೆರಡರ ಒಂದು ಕಾಲಿಗೆ ಹತ್ತಿಕೊಂಡು
ಇಸ್ತ್ರಿಯವರೆಗೂ ಹೋಯಿತು.
ಹೊನ್ನೂರಪ್ಪ ಅದನ್ನು ನೋಡಿದ, ನನ್ನನ್ನು ನೋಡಿದ,
ಒರೆಸದೆ ಹಾಗೇ ಮಡಿಚಿಟ್ಟ.